ಕಕ್ಕಡದ ನೋವು

ದೂರದ ಓಟಕ್ಕೆ ತರಬೇತಿ ಕೊಡುವ ಕೆಲಸಕ್ಕೆ ನಿಮ್ಮಂತೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ ಗೋಡೆ ನೋಡುತ್ತಾರೆ. ಪದಕ, ಫೋಟೋ ಏನಾದರೂ ನೇತಾಡುತ್ತಿರಬಹುದು ಎಂದು ಅವರ ಲೆಕ್ಕ. ಅವೆಲ್ಲ ಅಟ್ಟದ ಮೇಲಿವೆ. ಗೆದ್ದವರ ಬಗ್ಗೆ ಹೇಳಿ ಸಾರ್ ಎನ್ನುತ್ತಾರೆ. ಗೆದ್ದವರಿಂದ ನಾನು ಕಲಿತದ್ದು ಬಹಳ ಕಡಿಮೆ. ಗೆಲ್ಲುವವರು ಯಾರ ಕೈಗೆ ಸಿಕ್ಕಿದರೂ ಗೆಲ್ಲುತ್ತಾರೆ, ನಾವು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಈ ಕೆಲಸದ ನಿಜವಾದ ಸಂಬಳ ಬರುವುದು ಮೊಣಕಾಲು, ಹಿಮ್ಮಡಿ, ಮೊಣಕಾಲ ಕೆಳಗಿನ ಎಲುಬು ಇವುಗಳ ಜೊತೆ ಏಗುವುದಕ್ಕೆ.

ನಾನು ಕೆಲಸಕ್ಕೆ ಸೇರಿದಾಗ ಮಡಿಕೇರಿ ಹತ್ತಿರದ ನಮ್ಮ ಶಿಬಿರದ ಯಜಮಾನರು ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಕರ್ನಲ್. ಹಾಕಿ ಎಂದರೆ ಅವರಿಗೆ ಪ್ರಾಣ. ಕೊಡಗಿನಲ್ಲಿ ಅದೇನೂ ವಿಶೇಷವಲ್ಲ. ಅವರ ಪ್ರಕಾರ ಓಟವೆಂದರೆ ತಡವಾಗಿ ಬಂದ ಹಾಕಿ ಆಟಗಾರನಿಗೆ ಕೊಡುವ ಶಿಕ್ಷೆ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಮಾರಾಯ, ಓಡೋದನ್ನ ಯಾರಾದ್ರೂ ಕಲಿಸ್ತಾರಾ? ನಾಯಿ ಅಟ್ಟಿಸ್ಕೊಂಡು ಬಂದ್ರೆ ಎಲ್ರೂ ಓಡ್ತಾರೆ” ಅಂದರು. ನನಗೆ ಸಿಕ್ಕಿದ್ದು ಹಾಕಿ ತಂಡಕ್ಕೆ ಬೇಡವಾದವರು. ಸ್ಟಿಕ್ ಹಿಡಿಯಲು ಬಾರದವರು, ಗಿಡ್ಡಗಿದ್ದವರು, ಹೆಂಗಸರು. ನನಗೂ ಆಗ ಹೆಚ್ಚೇನೂ ಗೊತ್ತಿರಲಿಲ್ಲ. ಓಡುವಾಗ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂದು ನನ್ನ ಗುರುಗಳು ಹೇಳಿದ್ದರು. ನಾನೂ ಏಳೆಂಟು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಬಿಸಿಲಿಗೆ ಒಬ್ಬ ಹುಡುಗ ತಲೆ ತಿರುಗಿ ಚರಂಡಿಗೆ ಬಿದ್ದ ಮೇಲೆ ಬಿಟ್ಟೆ. ಯಾವ ಪುಸ್ತಕವನ್ನೂ ಓದಿ ಬಿಟ್ಟದ್ದಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ವೇಗದ ವಿಷಯದಲ್ಲಿ ಆಯಿತು. ಐವರನ್ನು ಕರೆದುಕೊಂಡು ಬಯಲುಸೀಮೆಯ ಒಂದು ಊರಿಗೆ ಮ್ಯಾರಥಾನ್‌ಗೆ ಹೋದೆ. ಗುಡ್ಡ ಹತ್ತಿ ಇಳಿದು ಪಳಗಿದ ಕಾಲುಗಳು, ಸಪಾಟು ರಸ್ತೆ ಇವರಿಗೆ ಯಾವ ಲೆಕ್ಕ ಎಂದುಕೊಂಡಿದ್ದೆ. ಅರ್ಧ ದಾರಿಯವರೆಗೂ ನಮ್ಮವರೇ ಮುಂದು. ನಾನು ರಸ್ತೆ ಬದಿಯಲ್ಲಿ ಕುಣಿದಾಡಿದೆ. ಮೂವತ್ತನೇ ಕಿಲೋಮೀಟರ್ ಹೊತ್ತಿಗೆ ಐವರಲ್ಲಿ ನಾಲ್ವರು ಹುಣಸೆಮರದ ಬುಡದಲ್ಲಿ ಕೂತಿದ್ದರು. ಐದನೆಯವನು ನಡೆದುಕೊಂಡು ಬರುತ್ತಿದ್ದ.

ಯಾಕೆ ಹೀಗಾಯಿತು ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ನಮ್ಮ ಜಿಲ್ಲೆಯಲ್ಲಿ ಸಪಾಟಾದ ರಸ್ತೆ ಹುಡುಕಿದರೂ ಸಿಗುವುದಿಲ್ಲ. ಇಳಿಜಾರಿನಲ್ಲಿ ಕಾಲು ಬಿಟ್ಟು ಓಡುತ್ತೇವೆ, ಅಷ್ಟರಲ್ಲಿ ಏರು ಬಂದು ತಾನಾಗಿಯೇ ನಮ್ಮನ್ನು ನಿಧಾನ ಮಾಡುತ್ತದೆ. ತಡೆಯುವ ಕೆಲಸ ಗುಡ್ಡದ್ದು, ನಮ್ಮದಲ್ಲ. ಬಯಲಿನಲ್ಲಿ ಏರು ಬರಲೇ ಇಲ್ಲ. ನಮ್ಮವರು ಕಾಲು ಬಿಟ್ಟವರು ಬಿಟ್ಟೇ ಓಡಿದರು. ಮ್ಯಾರಥಾನಿನಲ್ಲಿ ಮೊದಲರ್ಧದಲ್ಲಿ ಉಳಿಸಿದ ಒಂದು ನಿಮಿಷಕ್ಕೆ ಕೊನೆಯಲ್ಲಿ ನಾಲ್ಕು ನಿಮಿಷ ತೆರಬೇಕಾಗುತ್ತದೆ ಎಂಬ ಪಾಠ ನನಗೆ ಹುಣಸೆಮರದ ಕೆಳಗೆ ಸಿಕ್ಕಿತು.

ಅಂದಿನಿಂದ ವಾರಕ್ಕೊಮ್ಮೆ ಜೀಪಿನಲ್ಲಿ ಎಲ್ಲರನ್ನೂ ಕುಶಾಲನಗರದ ಕಡೆಯ ಕಾಲುವೆ ಏರಿಗೆ ಕರೆದೊಯ್ಯತೊಡಗಿದೆ. ನಮ್ಮಲ್ಲಿ ಸಪಾಟು ಎನ್ನಬಹುದಾದ ದಾರಿ ಅದೊಂದೇ. ಅಲ್ಲಿ ಹಾಸನ, ಮೈಸೂರು ಕಡೆಯಿಂದ ಬಂದು ನೆಲೆಸಿದ ರೈತರ ಗದ್ದೆಗಳಿವೆ. ಒಬ್ಬ ಹಿರಿಯರು ಗುದ್ದಲಿ ಊರಿ ನಿಂತು, “ಏನ್ ಸಾ, ವಾರ ವಾರ ತಂದು ಓಡುಸ್ತೀರಲ್ಲ, ಈ ಹೈಕ್ಳು ಯಾರ್ ಮನೇಲಿ ಏನ್ ಕದ್ದವರೆ?” ಎಂದು ಕೇಳಿದ್ದರು.

ಕಾಲುವೆ ಏರಿಯ ಮೇಲೆ ನಾನು ಮಾಡಿದ ನಿಯಮ ಒಂದೇ. ಮೊದಲ ಅರ್ಧ ಎಲ್ಲರೂ ಮಾತಾಡುತ್ತಾ ಓಡಬೇಕು. ಯಾವ ಭಾಷೆಯಾದರೂ ಸರಿ, ಯಾವ ಚಾಡಿಯಾದರೂ ಸರಿ. ಮಾತು ತುಂಡಾದರೆ ವೇಗ ಹೆಚ್ಚಾಯಿತು ಎಂದರ್ಥ. ಕೊಡವ ತಕ್ಕ್, ಮಲಯಾಳ, ತಮಿಳು, ಅರೆಭಾಷೆ ಎಲ್ಲ ಸೇರಿ ಏರಿಯ ಮೇಲೆ ಸಂತೆ ನಡೆದಂತೆ ಇರುತ್ತಿತ್ತು. ಈಗಿನವರ ಕೈಯಲ್ಲಿ ಎದೆಬಡಿತ ತೋರಿಸುವ ವಾಚಿದೆ, ಒಳ್ಳೆಯದೇ. ಆದರೂ ವಾಚಿನ ಚಾರ್ಜು ಮುಗಿದ ದಿನ ಮಾತಾಡಿ ನೋಡಿ.

ಈ ನಿಯಮವನ್ನು ಮೊದಲ ದಿನವೇ ಅರ್ಥ ಮಾಡಿಕೊಂಡವಳು ಯಶೋದ. ಸಂಪಾಜೆಯವಳು, ನಮ್ಮ ಅರೆಭಾಷೆಯವಳೇ. ಮದುವೆಯಾಗಿ ಒಂದು ಹೆಣ್ಣು ಮಗುವಿತ್ತು. ಇಲಾಖೆಯೊಂದರಲ್ಲಿ ದಿನಗೂಲಿ ಮೇಲೆ ಕಾವಲು ಕೆಲಸ ಮಾಡುತ್ತಿದ್ದಳು. ಅವಳು ಓಡಲು ಬಂದದ್ದೇ ಆ ಕೆಲಸಕ್ಕಾಗಿ. ರಾಜ್ಯಮಟ್ಟದ ಮ್ಯಾರಥಾನಿನಲ್ಲಿ ಮೊದಲ ಮೂವರಲ್ಲಿ ಒಬ್ಬಳಾದರೆ ಕ್ರೀಡಾ ಕೋಟಾದಲ್ಲಿ ಕೆಲಸ ಕಾಯಂ ಆಗುತ್ತಿತ್ತು. ವಯಸ್ಸಿನ ಮಿತಿ ದಾಟಲು ಅವಳಿಗೆ ಉಳಿದಿದ್ದದ್ದು ಒಂದೇ ವರ್ಷ, ಎಂದರೆ ಒಂದೇ ಓಟ.

ಅವಳು ಓಡುವುದನ್ನು ನೋಡಿದರೆ ವಿಶೇಷ ಏನೂ ಕಾಣುತ್ತಿರಲಿಲ್ಲ. ಅದೇ ವಿಶೇಷ. ಮೊದಲ ಕಿಲೋಮೀಟರಿಗೂ ಇಪ್ಪತ್ತೈದನೆಯದಕ್ಕೂ ನನ್ನ ಸ್ಟಾಪ್‌ವಾಚಿನಲ್ಲಿ ಒಂದೆರಡು ಸೆಕೆಂಡಿನ ವ್ಯತ್ಯಾಸ. ಬೇರೆಯವರಿಗೆ ತಿಂಗಳುಗಟ್ಟಲೆ ಕಲಿಸಿದರೂ ಬಾರದ್ದು ಇವಳಿಗೆ ಹೇಗೆ ಬಂತು ಎಂದು ಕೇಳಿದೆ.

“ಮೊದ್ಲರ್ಧ ನೆಂಟ್ರ ಮನೆಲಿ ಉಂಬಂಗೆ ಓಡೊಕು ಸಾರ್. ಹಸಿವು ಇದ್ರೂ ಇನ್ನೊಂದ್ ಸಲ ಬಡ್ಸಿತ ಕೇಳಿಕೆ ಆದುಲೆ” ಅಂದಳು.

ಇಷ್ಟು ವರ್ಷದಲ್ಲಿ ವೇಗದ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಆಮೇಲೆ ಬಂದ ಎಷ್ಟೋ ಮಂದಿಗೆ ಈ ಮಾತನ್ನು ನನ್ನದೇ ಎಂಬಂತೆ ಹೇಳಿಕೊಟ್ಟಿದ್ದೇನೆ.

ಇನ್ನು ನೋವಿನ ವಿಷಯ. ಓಡುವವರಲ್ಲಿ ನೋವಿಲ್ಲದವರು ಇಲ್ಲ. ಯಾವ ನೋವಿಗೆ ಓಡಬಹುದು, ಯಾವ ನೋವಿಗೆ ನಿಲ್ಲಬೇಕು ಎಂದು ತಿಳಿಯುವುದೇ ನಮ್ಮ ಅರ್ಧ ಕೆಲಸ. ಓಟ ಶುರುವಾದಾಗ ಇದ್ದು ಮೈ ಬಿಸಿಯಾದಂತೆ ಕರಗುವ ನೋವಿಗೆ ಹೆದರಬೇಕಿಲ್ಲ, ದೂರ ಕಡಿಮೆ ಮಾಡಿದರೆ ಸಾಕು. ಓಡಿದಷ್ಟೂ ಹೆಚ್ಚಾಗುವುದಾದರೆ ನಿಲ್ಲಬೇಕು. ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೂ ಹೆಬ್ಬೆರಳಲ್ಲಿ ಒತ್ತಿ ನೋಡಿ. ಗೇಣುದ್ದ ನೋಯುತ್ತಿದ್ದರೆ ಸ್ನಾಯುವಿನದು, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಪ್ರಾಣ ಹೋಗುವಂತಾದರೆ ಎಲುಬಿನದು, ಡಾಕ್ಟರ ಬಳಿ ಹೋಗಬೇಕು. ಹಂದಿ ಕೊಬ್ಬು ಬಿಸಿ ಮಾಡಿ ತಿಕ್ಕುವ ಅಜ್ಜಂದಿರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಕೊಬ್ಬಿನಿಂದ ಕೆಡುಕಿಲ್ಲ, ಅವರು ತಿಕ್ಕುವ ಜೋರಿನಿಂದ ಇದೆ. ಒಮ್ಮೆ ಎಲುಬಿನಲ್ಲಿ ಕೂದಲೆಳೆ ಬಿರುಕು ಬಿಟ್ಟಿದ್ದ ಒಬ್ಬನನ್ನು ನಾನು, ಸಹಿಸಿಕೋ ಎಂದು ಓಡಿಸಿದೆ. ಅವನು ಊರುಗೋಲು ಹಿಡಿದು ಮನೆಗೆ ಹೋದ. ಅದಾದ ಮೇಲೆ ನಾನು ಹೆದರುಪುಕ್ಕಲನಾದೆ. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದುತ್ತದೆ.

ಮಳೆಗಾಲದಲ್ಲಿ ಮಾತ್ರ ಪ್ರತಿ ವರ್ಷವೂ ನಮ್ಮಲ್ಲಿ ಮೂರು ನಾಲ್ಕು ಮಂದಿಗೆ ಎಲುಬಿನ ಉದ್ದಕ್ಕೂ ನೋವು ಬರುತ್ತಿತ್ತು. ಜೋರು ಮಳೆಯ ಆ ತಿಂಗಳಿಗೆ ಕೊಡವರು ಕಕ್ಕಡ ಎನ್ನುತ್ತಾರೆ, ನಾವು ಆಟಿ ಎನ್ನುತ್ತೇವೆ. ಕರ್ನಲ್ ಸಾಹೇಬರು ಈ ನೋವಿಗೆ ಕಕ್ಕಡದ ನೋವು ಎಂದು ಹೆಸರಿಟ್ಟರು. ಚಳಿಗೆ, ಥಂಡಿಗೆ ಬರುವುದು ಎಂದು ಎಲ್ಲರೂ ಒಪ್ಪಿದೆವು. ಕಕ್ಕಡ ಹದಿನೆಂಟಕ್ಕೆ, ಸೊಪ್ಪಿನಲ್ಲಿ ಮದ್ದಿನ ಗುಣ ಸೇರುತ್ತದೆ ಎನ್ನುವ ದಿನ, ಸಾಹೇಬರು ಮದ್ದುಸೊಪ್ಪಿನ ಪಾಯಸ ಮಾಡಿಸಿ, ಇದು ಕಾಲಿಗೂ ಆಗುತ್ತದೆ ಎಂದು ಎಲ್ಲರಿಗೂ ಎರಡೆರಡು ಸಲ ಬಡಿಸುತ್ತಿದ್ದರು. ನೋವಿಗೆ ತಿಂಗಳ ಹೆಸರಿಟ್ಟ ಮೇಲೆ ಅದರ ಕಾರಣ ಹುಡುಕುವವರು ಯಾರು? ಮಳೆ ಮುಗಿದು ಹೊಸ ಶೂ ಕೊಳ್ಳುವ ಹೊತ್ತಿಗೆ ನೋವೂ ಹೋಗುತ್ತಿತ್ತು.

ಯಶೋದಳ ಕೊನೆಯ ವರ್ಷ ಮಳೆ ಬೇಗ ಹಿಡಿಯಿತು. ಆಷಾಢ ಅರ್ಧವಾಗುವ ಹೊತ್ತಿಗೆ ಅವಳ ಎರಡೂ ಕಾಲು ನೋಯತೊಡಗಿದವು. ಒತ್ತಿ ನೋಡಿದೆ, ಗೇಣುದ್ದ. ದೂರ ಕಡಿಮೆ ಮಾಡಿದೆ, ಮಂಜುಗಡ್ಡೆ ಇಡಿಸಿದೆ, ಬೆರಳ ಮೇಲೆ ನಿಂತು ಏಳುವ ವ್ಯಾಯಾಮ ಹೇಳಿಕೊಟ್ಟೆ. ಎರಡು ವಾರ ಬಿಟ್ಟು ಓಡಿದರೆ ಮತ್ತೆ ಅದೇ. ಡಾಕ್ಟರ ಬಳಿ ಕರೆದೊಯ್ದೆ. ಅವರು ಎಕ್ಸ್‌ರೇ ತೆಗೆಸಿ, ಬಿರುಕೇನೂ ಕಾಣುವುದಿಲ್ಲ ಅಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: “ಇತ್ತೀಚೆಗೆ ಏನಾದ್ರೂ ಬದಲಾಗಿದ್ಯಾ? ರಸ್ತೆ, ಶೂ, ಏನಾದ್ರೂ?”

“ಇಲ್ಲ ಸಾರ್, ಶೂ ಅದೇ” ಎಂದು ಅವಳಿಗಿಂತ ಮೊದಲು ನಾನೇ ಉತ್ತರ ಕೊಟ್ಟೆ.

ಓಟಕ್ಕೆ ಐದು ವಾರ ಇರುವಾಗ ತಂಡದ ಹೆಸರು ಕೊಡಬೇಕಾಯಿತು. ಶಿಬಿರದ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಕರ್ನಲ್ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ನಾನು ಯಶೋದಳ ಹೆಸರು ಓದಲಿಲ್ಲ. ಅವಳು ಸಾಲಿನಿಂದ ಹೊರಗೆ ಬಂದಳು.

“ಸಾರ್, ನೋವು ಉಟ್ಟು. ಇಲ್ಲೆತ ನಾ ಹೇಳುದುಲೆ. ಆದ್ರೆ ಓಡಿಕೆ ಆದೆ. ಇದೊಂದ್ ಸಲ ಬುಡಿ. ಮುಂದೆ ನಂಗೆ ವಯಸ್ಸ್ ದಾಟಿ ಹೋದೆ.”

ಓಡಲು ಬಿಟ್ಟು ಕಾಲು ಮುರಿದರೆ ಏನು ಗತಿ ಎಂಬ ಹೆದರಿಕೆ ನನಗೆ. ಅಷ್ಟನ್ನೇ ಹೇಳಿದ್ದರೆ ತಪ್ಪಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ತರಬೇತುದಾರರಿಗೆ ಇರುವುದಿಲ್ಲ. “ನಿನ್ನ ಎಲುಬೇ ಮೆತ್ತಗೆ ಯಶೋದ. ನಿನ್ನ ದೇಹಕ್ಕೆ ಮ್ಯಾರಥಾನ್ ಹೇಳಿ ಮಾಡಿಸಿದ್ದಲ್ಲ. ಎಷ್ಟು ಚೆನ್ನಾಗಿ ಓಡಿದ್ರೂ ಇಂಥವರನ್ನ ತಂಡಕ್ಕೆ ಹಾಕ್ಕೊಂಡ್ರೆ ಇನ್ನೊಬ್ಬರ ಜಾಗ ಹಾಳು” ಅಂದೆ. ಕರ್ನಲ್ ಸಾಹೇಬರು ತಲೆಯಾಡಿಸಿದರು. ಅವಳು ಸಾಲಿಗೆ ಹಿಂತಿರುಗಿದಳು, ಆ ಸಂಜೆಯ ಬಸ್ಸಿಗೆ ಸಂಪಾಜೆಗೆ ಹೋದಳು. ಆ ವರ್ಷ ರಾಜ್ಯದಲ್ಲಿ ಮೂರನೆಯವಳಾಗಿ ಬಂದ ಹುಡುಗಿಯ ಸಮಯ, ಯಶೋದ ಬೇಸಿಗೆಯಲ್ಲಿ ಕಾಲುವೆ ಏರಿಯ ಮೇಲೆ ಓಡಿದ್ದಕ್ಕಿಂತ ನಿಧಾನವಾಗಿತ್ತು. ಕೆಲಸ ಕಾಯಂ ಆಗಲಿಲ್ಲ. ಸ್ವಲ್ಪ ದಿನದಲ್ಲಿ ಆ ದಿನಗೂಲಿಯೂ ತಪ್ಪಿತು ಎಂದು ಕೇಳಿದೆ.

ಮುಂದಿನ ಮಳೆಗಾಲದಲ್ಲಿ ಹುದಿಕೇರಿಯ ಹಂಸ ಎಂಬವನಿಗೆ ಕಕ್ಕಡದ ನೋವು ಹಿಡಿಯಿತು. ಅವನ ಬಳಿ ಒಂದೇ ದಿನ ಕೊಂಡ, ಒಂದೇ ಬಗೆಯ ಎರಡು ಜೊತೆ ಶೂ ಇದ್ದವು. ಒಂದು ಜೊತೆ ಶಿಬಿರದಲ್ಲಿ, ಇನ್ನೊಂದು ಮನೆಯಲ್ಲಿ. “ಸಾರ್, ನಂಗೆ ಇಲ್ಲಿ ಮಾತ್ರ ಬೇನೆ. ಮನೆಗೆ ಹೋಗಿ ಓಡಿದ್ರೆ ಬೇನೆ ಇಲ್ಲ. ನಿಮ್ಮ ಊರಿನ ನೆಲ ಸರಿ ಇಲ್ಲ” ಎಂದು ತಮಾಷೆ ಮಾಡಿದ. ನಾನು ನಗಲಿಲ್ಲ. ಎರಡೂ ಜೊತೆ ತರಿಸಿ, ಮಡಿಕೇರಿಯ ಪೇಟೆಯಲ್ಲಿ ಕೊಡೆ, ಚಪ್ಪಲಿ ರಿಪೇರಿ ಮಾಡುವ ಮುನಿಯಪ್ಪನ ಮುಂದೆ ಇಟ್ಟೆ. ಅವನು ಎರಡರ ಅಟ್ಟೆಯನ್ನೂ ಹೆಬ್ಬೆರಳಿನಿಂದ ಒತ್ತಿದ. ಒಂದು ಹೊಸ ಬನ್ನಿನಂತೆ ಒಳಗೆ ಹೋಗಿ ಮೇಲೆ ಬಂತು. ಇನ್ನೊಂದರಲ್ಲಿ ಉಗುರು ಕೂಡ ಇಳಿಯಲಿಲ್ಲ.

“ಇದು ಬೆಂದೋಗಿದೆ ಸಾರ್” ಅಂದ ಮುನಿಯಪ್ಪ. “ಬೆಂಕಿ ಹತ್ರ ಇಟ್ಟಿದ್ರಾ? ಹಳೇ ಕಾಲದ ಚರ್ಮ ಅಲ್ಲ ಇದು, ಬರೀ ನೊರೆ. ಬಿಸಿ ತಾಗಿದ್ರೆ ಕುಗ್ಗಿ ಕಲ್ಲಾಗುತ್ತೆ. ಇದನ್ನ ಹಾಕ್ಕೊಂಡು ಓಡೋದೂ ಒಂದೇ, ಹಲಗೆ ಕಟ್ಕೊಂಡು ಓಡೋದೂ ಒಂದೇ.”

ಶಿಬಿರಕ್ಕೆ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನ ನಾನು ಹೇಳುತ್ತಿದ್ದ ಮಾತು ಒಂದಿತ್ತು. ಒದ್ದೆ ಶೂ ಹಾಕಬೇಡಿ, ಕಾಲಿಗೆ ಗುಳ್ಳೆ ಏಳುತ್ತದೆ. ರಾತ್ರಿ ಸೌದೆ ಒಲೆಯ ಮೇಲಿನ ತಟ್ಟಿಯಲ್ಲಿ ಒಣಗಿಸಿ. ಮಳೆಗಾಲದಲ್ಲಿ ನಾವು ಬಟ್ಟೆ, ಹಾಸಿಗೆ, ಕಂಬಳಿ, ಮಕ್ಕಳ ಶಾಲೆಯ ಚೀಲ ಎಲ್ಲವನ್ನೂ ಒಲೆಯ ಮೇಲೆಯೇ ಒಣಗಿಸುವುದು. ಶೂ ಅದಕ್ಕೆ ಹೊರತು ಎಂದು ಯಾರಿಗೂ ಹೊಳೆಯಲಿಲ್ಲ. ಹಂಸ ಮನೆಯಲ್ಲಿದ್ದಾಗ ನನ್ನ ಮಾತು ಪಾಲಿಸುತ್ತಿರಲಿಲ್ಲ, ಅಲ್ಲಿ ಅವನ ಶೂ ಜಗಲಿಯಲ್ಲೇ ಬಿದ್ದಿರುತ್ತಿತ್ತು. ಯಶೋದಳ ಬಳಿ ಇದ್ದದ್ದು ಒಂದೇ ಜೊತೆ. ಎರಡು ಹೊತ್ತು ಓಡುತ್ತಿದ್ದಳು, ಎರಡು ಹೊತ್ತೂ ನಾನು ಹೇಳಿದಂತೆ ಒಲೆಯ ಮೇಲೆ ಇಡುತ್ತಿದ್ದಳು. ಮಿಕ್ಕವರಲ್ಲಿ ಹೆಚ್ಚಿನವರು ಸೋಮಾರಿಗಳು, ಒದ್ದೆ ಶೂ ಹಾಕಿಕೊಂಡೇ ಬರುತ್ತಿದ್ದರು. ಗುರುವಿನ ಮಾತು ಮೀರಿದವರ ಕಾಲು ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮಾಡಿದ್ದು ಅದರ ಉಲ್ಟಾ. ನೆಲವೇ ಡೊಂಕಾಗಿತ್ತು, ನಾನು ಕುಣಿಯುವವಳ ಕಾಲು ಸರಿಯಿಲ್ಲ ಅಂದೆ.

ಮಾರನೆಯ ದಿನ ಶಿಬಿರದಲ್ಲಿ ಹೊಸ ನಿಯಮ ಹಾಕಿದೆ. ಒಲೆಯ ಹತ್ತಿರ ಶೂ ಇಡಕೂಡದು. ಒಳಗಿನ ಅಟ್ಟೆ ತೆಗೆದು, ಹಳೆಯ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸುತ್ತಾ ಗಾಳಿಗೆ ಇಡಬೇಕು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಕ್ಕಡದ ನೋವು ಅಲ್ಲಿಗೆ ನಿಂತಿತು. ಪಾಯಸದಿಂದ ಎಂದು ಕರ್ನಲ್ ಸಾಹೇಬರು ಕೊನೆಯವರೆಗೂ ನಂಬಿದ್ದರು, ನಾನು ಅವರ ನಂಬಿಕೆ ಕೆಡಿಸಲಿಲ್ಲ. ಯಶೋದಳಿಗೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅವಳ ವಯಸ್ಸು ದಾಟಿತ್ತು, ಹೇಳಿ ಏನು ಪ್ರಯೋಜನ, ಆರಿದ ಗಾಯ ಯಾಕೆ ಕೆದಕುವುದು ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಏನೆಂದರೆ ನಾಚಿಕೆಯಾಗುತ್ತಿತ್ತು. ಎರಡು ವರ್ಷ ಬಿಟ್ಟು ನಿವೃತ್ತನಾದೆ. ಆಗಲೂ ಹೇಳಲಿಲ್ಲ.

ಕಳೆದ ವರ್ಷ ನನ್ನ ಜಾಗಕ್ಕೆ ಬಂದಿರುವ ಯುವಕ ಮನೆಗೆ ಬಂದಿದ್ದ. ಒಳ್ಳೆಯ ಹುಡುಗ, ಎಲ್ಲವನ್ನೂ ಬರೆದುಕೊಳ್ಳುತ್ತಾನೆ. “ಸಾರ್, ಎಲುಬು ಮೆತ್ತಗಿರೋರನ್ನ ಮೊದಲೇ ಗುರುತಿಸೋದು ಹೇಗೆ? ಯಶೋದ ಅಂತ ಒಬ್ರು ಇದ್ರಂತಲ್ಲ. ನಮ್ಮಲ್ಲಿ ಯಾರಿಗಾದ್ರೂ ಕಾಲು ನೋವು ಬಂದ್ರೆ, ಯಶೋದ ಆಗ್ಬೇಡ ಅಂತ ತಮಾಷೆ ಮಾಡ್ತಾರೆ” ಅಂದ.

ಮರುದಿನ ಬೆಳಿಗ್ಗೆ ಸಂಪಾಜೆಯ ಬಸ್ಸು ಹತ್ತಿದೆ.

ಅವಳು ಈಗ ಒಂದು ರಬ್ಬರ್ ತೋಟದಲ್ಲಿ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುತ್ತಾಳೆ. ನಾನು ಹೋದಾಗ ಆ ಹಾಲು ಹೆಪ್ಪಾದ ಶೀಟುಗಳನ್ನು ಒಣಗಲು ಹೊಗೆಮನೆಯೊಳಗೆ ನೇತುಹಾಕುತ್ತಿದ್ದಳು. “ಎಂತ ಸಾರ್, ಇಷ್ಟ್ ದೂರ?” ಎಂದು ಕೈ ಒರೆಸಿಕೊಂಡು ಹೊರಗೆ ಬಂದಳು. ಅಲ್ಲಿಯೇ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹಂಸನ ಶೂ, ಮುನಿಯಪ್ಪನ ಹೆಬ್ಬೆರಳು, ಐದು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದದ್ದು. ಬಿಸಿ ಹೆಚ್ಚಾದರೆ ರಬ್ಬರ್ ಏನಾಗುತ್ತದೆ ಎಂದು ಅವಳಿಗೆ ವಿವರಿಸಬೇಕಿರಲಿಲ್ಲ.

ಕೆಲಸದ ಮಾತು ಎತ್ತುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಅವಳು ತನ್ನ ಕಾಲನ್ನೇ ನೋಡಿಕೊಂಡು ನಿಂತಿದ್ದಳು.

“ಹಂಗಾರೆ ನನ್ನ ಕಾಲ್‌ಲಿ ಎಂತದೂ ಇತ್ಲೆನಾ?”

“ಏನೂ ಇರ್ಲಿಲ್ಲ ಯಶೋದ. ತಪ್ಪು ನನ್ನದು.”

“ಮಗಳ್ನ ಎತ್ತಿಕಂಡ್ ಈ ಗುಡ್ಡೆ ಇಳಿಯಕನ ಎಲ್ಲ ಹೆದ್ರಿದೆ ಸಾರ್. ಕಾಲ್ ಎಲ್ಲಿ ಮುರ್ದ್ ಹೋದೆನೋತ. ಅವ್ಳು ಓಡಿಕೆ ಹೋದ್ರೆ ಬೈದ್ ಕೂರ್ಸಿದೆ. ನನ್ನ ಎಲುಬು ಅವ್ಳಿಗೂ ಬಂದುಟ್ಟುತ.”

ನನಗೆ ಅಳು ಬಂತು. ಮುಚ್ಚಿಡಲು ಆಗಲಿಲ್ಲ, ಮುಚ್ಚಿಡಲೂ ಇಲ್ಲ. ಕ್ಷಮಿಸು ಎಂದು ಕೈಮುಗಿದೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. ಆದರೆ ಕ್ಷಮಿಸಿದೆ ಎಂದು ಹೇಳಲಿಲ್ಲ. ಒಳಗಿನಿಂದ ನೀರು ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಕಾದು ಹೇಳಿದಳು.

“ಅಂದ್ ನೀವು ಎಲ್ಲವರ ಎದುರು ಹೇಳ್ದ್ರಿ ಸಾರ್. ಇಂದ್ ನಾ ಒಬ್ಬಳೇ ಇರಕನ ಹೇಳಿಕೆ ಬಂದ್ರಿ.”

ವಾಪಸು ಮಡಿಕೇರಿಯ ಬಸ್ಸು ಹತ್ತಿದೆ. ಆ ಯುವಕನಿಗೆ ಹೇಳಿ ಶಿಬಿರದ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದೆ. ಆದರೆ ಅಂದು ಸಾಲಿನಲ್ಲಿ ನಿಂತಿದ್ದವರು ಈಗ ಅಲ್ಲಿಲ್ಲ. ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ, ಕೆಲವರು ನಿಮ್ಮಂತೆಯೇ ತರಬೇತುದಾರರಾಗಿದ್ದಾರೆ, ಯಶೋದಳ ಹೆಸರು ಅವರ ಬಾಯಲ್ಲಿ ಇನ್ನೂ ಓಡಾಡುತ್ತಿದೆ. ಅವರಿಗೆಲ್ಲ ತಲುಪಲಿ ಎಂದು ಇದನ್ನು ಬರೆದೆ.

ಸಂಪಾಜೆಯ ಯಶೋದಳ ಎಲುಬಿನಲ್ಲಿ ಯಾವ ದೋಷವೂ ಇರಲಿಲ್ಲ. ಶೂವನ್ನು ಒಲೆಯ ಮೇಲೆ ಇಡು ಎಂದು ಹೇಳಿದವನು ನಾನು.